ಮನೆಯ ವಿಮಾನ ಟ್ರ್ಯಾಕಿಂಗ್ ರಿಸೀವರ್‌ನ ಸಾಫ್ಟ್‌ವೇರ್ ಅಪ್‌ಗ್ರೇಡ್: ಪದೇ ಪದೇ ಕೇಳುವ ಪ್ರಶ್ನೆಗಳು

ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿಗೆ ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿ ರೇಡಿಯೋ ರಿಸೀವರ್) ಚುಚ್ಚಿ, ತಾರಸಿ ಮೇಲೋ ಕಿಟಕಿ ಹತ್ತಿರವೋ 1090 ಮೆಗಾಹರ್ಟ್ಸ್ ಆಂಟೆನಾ ಇಟ್ಟು, ವಿಮಾನಗಳು ತಮ್ಮ ಸ್ಥಾನ, ಎತ್ತರ ಹೇಳಿ ತಾವೇ ಬಿತ್ತರಿಸುವ ಎಡಿಎಸ್-ಬಿ ಸಂದೇಶ ಹಿಡಿದು ಫ್ಲೈಟ್‌ಅವೇರ್, ಫ್ಲೈಟ್‌ರಾಡಾರ್24, ಎಡಿಎಸ್-ಬಿ ಎಕ್ಸ್‌ಚೇಂಜ್ ತರಹದ ವಿಮಾನ ಟ್ರ್ಯಾಕಿಂಗ್ ಜಾಲಗಳಿಗೆ ಕಳಿಸುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ. ಅಪ್‌ಗ್ರೇಡ್ ಅಂದ ತಕ್ಷಣ ಎಲ್ಲರೂ ಕಮಾಂಡ್ ಯಾವುದು ಅಂತ ಕೇಳುತ್ತಾರೆ. ಕಮಾಂಡ್ ಎರಡೇ ಸಾಲು. ನಿಮ್ಮ ಸ್ಟೇಷನ್ನಿನ ಗುರುತು, ಜಾಗದ ಅಳತೆ, ಹಳೆಯ ಅಂಕಿಗಳು ಉಳಿಯುತ್ತವೋ ಇಲ್ಲವೋ ಅನ್ನುವುದೇ ದೊಡ್ಡ ವಿಷಯ. ಅದಕ್ಕೇ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಎಲ್ಲ ಸರಿಯಾಗಿ ನಡೀತಿದೆ. ಅಪ್‌ಗ್ರೇಡ್ ಮಾಡಲೇಬೇಕಾ?

ಇವತ್ತೇ ಮಾಡಬೇಕು ಅಂತೇನಿಲ್ಲ. ಹೊಸ ವರ್ಷನ್ ಬಂದ ದಿನವೇ ಹಾಕಿಕೊಳ್ಳುವ ಆತುರ ಈ ಸಾಧನಕ್ಕೆ ಬೇಡ.

ಆದರೆ ವರ್ಷಗಟ್ಟಲೆ ಮುಟ್ಟದೆ ಬಿಡುವುದೂ ಸರಿಯಲ್ಲ. ರಿಸೀವರ್ ನಿಮ್ಮ ಮನೆಯ ನೆಟ್‌ವರ್ಕ್ ಒಳಗೇ ಕೂತಿರುವ, ಹಗಲೂ ರಾತ್ರಿ ಇಂಟರ್ನೆಟ್‌ಗೆ ಅಂಟಿಕೊಂಡಿರುವ ಒಂದು ಕಂಪ್ಯೂಟರ್. ಅದರ ಆಪರೇಟಿಂಗ್ ಸಿಸ್ಟಂಗೆ ಭದ್ರತೆಯ ತಿದ್ದುಪಡಿ ನಿಂತ ಮೇಲೆ ಹಾಗೇ ನಡೆಸುವುದು ಒಳ್ಳೆಯದಲ್ಲ. ಪೈನ ಆಪರೇಟಿಂಗ್ ಸಿಸ್ಟಂಗೆ ಅಡಿಪಾಯ ಡೆಬಿಯನ್ ಲಿನಕ್ಸ್. 2019ರಲ್ಲಿ ಬಂದ ಡೆಬಿಯನ್ 10, ಅಂದರೆ ಬಸ್ಟರ್, ಇದರ ದೀರ್ಘಾವಧಿ ಬೆಂಬಲ 2024ರ ಜೂನ್‌ಗೆ ಮುಗಿದಿದೆ. ಇನ್ನೂ ಎಷ್ಟೋ ರಿಸೀವರ್‌ಗಳು ಅದರ ಮೇಲೇ ಓಡುತ್ತಿವೆ. ಹಳೆಯ ಆವೃತ್ತಿಗಳ ಪ್ಯಾಕೇಜ್‌ಗಳನ್ನು ಕೆಲ ಕಾಲದ ನಂತರ ಮುಖ್ಯ ಸರ್ವರ್‌ಗಳಿಂದ ತೆಗೆದು ಬೇರೆ ಕಡೆ ಇಡುತ್ತಾರೆ. ಆಮೇಲೆ ಒಂದು ಸಣ್ಣ ಪ್ಯಾಕೇಜ್ ಹಾಕಲು ಹೋದರೂ ಬರೀ ಎರರ್. ಜೊತೆಗೆ, ಎಷ್ಟು ತಡ ಮಾಡುತ್ತೀರೋ ಅಷ್ಟು ದೊಡ್ಡ ಜಿಗಿತ ಒಂದೇ ಸಲ ಮಾಡಬೇಕಾಗುತ್ತದೆ.

ಅಪ್‌ಗ್ರೇಡ್ ಅಂದ್ರೆ ಇಲ್ಲಿ ಯಾವುದನ್ನ ಅಪ್‌ಗ್ರೇಡ್ ಮಾಡೋದು?

ಇದು ಸ್ಪಷ್ಟವಾದರೆ ಅರ್ಧ ಗೊಂದಲ ಕಳೆಯಿತು. ಒಂದೇ ಡಬ್ಬಿಯೊಳಗೆ ನಾಲ್ಕು ಬೇರೆ ಬೇರೆ ಸಾಫ್ಟ್‌ವೇರ್ ಇವೆ. ಕೆಳಗೆ ಆಪರೇಟಿಂಗ್ ಸಿಸ್ಟಂ, ಅಂದರೆ ರಾಸ್ಪ್‌ಬೆರಿ ಪೈ ಓಎಸ್. ಅದರ ಮೇಲೆ ಡಿಕೋಡರ್: ಡಂಪ್1090-ಎಫ್‌ಎ ಅಥವಾ ರೀಡ್‌ಎಸ್‌ಬಿ. ಡಾಂಗಲ್ ಕೊಡುವ ರೇಡಿಯೋ ಸ್ಯಾಂಪಲ್‌ಗಳಿಂದ 112 ಬಿಟ್‌ನ ಸಂದೇಶ ಬಿಡಿಸಿ, ಇದು ಯಾವ ವಿಮಾನ, ಎಷ್ಟು ಎತ್ತರ, ಎಲ್ಲಿದೆ ಅಂತ ಹೇಳುವುದು ಇದೇ. ಮೂರನೆಯದು ಫೀಡರ್: ಪೈಅವೇರ್, ಎಫ್‌ಆರ್24ಫೀಡ್ ಇತ್ಯಾದಿ. ಇವು ಡಿಕೋಡರ್ ಕೊಟ್ಟಿದ್ದನ್ನು ಹೊರಗೆ ಕಳಿಸುತ್ತವೆ. ನಾಲ್ಕನೆಯದು ನೀವು ಬ್ರೌಸರ್‌ನಲ್ಲಿ ನೋಡುವ ನಕ್ಷೆ: ಸ್ಕೈಅವೇರ್ ಅಥವಾ ಟಾರ್1090.

ಒಂದನ್ನು ಮುಟ್ಟಿದರೆ ಇನ್ನೊಂದನ್ನೂ ಮುಟ್ಟಬೇಕು ಅಂತಿಲ್ಲ. ಪೈಅವೇರ್ ಹೊಸದಾದರೂ ಓಎಸ್ ಹಳೆಯದೇ ಇರಬಹುದು. ಸಾಧ್ಯವಾದಷ್ಟು ಒಂದು ಸಲಕ್ಕೆ ಒಂದನ್ನು ಬದಲಿಸಿ, ಒಂದು ದಿನ ಓಡಲು ಬಿಟ್ಟು, ಆಮೇಲೆ ಮುಂದಿನದಕ್ಕೆ ಹೋಗಿ. ನಾಲ್ಕನ್ನೂ ಒಂದೇ ಸಂಜೆ ಬದಲಿಸಿ, ಅದರ ಜೊತೆ ಆಂಟೆನಾ ಕೇಬಲ್ಲನ್ನೂ ಬದಲಿಸಿದರೆ, ವಿಮಾನ ಕಡಿಮೆ ಕಾಣುವುದಕ್ಕೆ ಕಾರಣ ಯಾವುದು ಅಂತ ಹುಡುಕುವುದು ತುಂಬಾ ಕಷ್ಟ.

ಈಗ ಯಾವ ವರ್ಷನ್ ಇದೆ ಅಂತ ಹೇಗೆ ನೋಡೋದು?

ಪೈಅವೇರ್ ಇದ್ದರೆ ಟರ್ಮಿನಲ್‌ನಲ್ಲಿ ‘ಪೈಅವೇರ್-ಸ್ಟೇಟಸ್’ ಕೊಡಿ. ಡಿಕೋಡರ್ ಓಡುತ್ತಿದೆಯಾ, ಸರ್ವರ್‌ಗೆ ಸಂಪರ್ಕ ಇದೆಯಾ, ಫೀಡರ್ ಐಡಿ ಏನು, ಎಲ್ಲ ಒಂದೇ ಕಡೆ ಕಾಣುತ್ತದೆ. ಫ್ಲೈಟ್‌ರಾಡಾರ್24ಗೆ ‘ಎಫ್‌ಆರ್24ಫೀಡ್-ಸ್ಟೇಟಸ್’ ಇದೆ, ಇಲ್ಲವೇ ಬ್ರೌಸರ್‌ನಲ್ಲಿ ಪೈನ ಐಪಿ ವಿಳಾಸದ ಮುಂದೆ ಪೋರ್ಟ್ 8754 ಹಾಕಿ ನೋಡಬಹುದು. ಓಎಸ್ ಹೆಸರು ‘ಇಟಿಸಿ’ ಫೋಲ್ಡರಿನ ‘ಓಎಸ್-ರಿಲೀಸ್’ ಫೈಲಿನಲ್ಲಿ ಇರುತ್ತದೆ. 10 ಅಂದರೆ ಬಸ್ಟರ್, 11 ಬುಲ್ಸ್‌ಐ, 12 ಬುಕ್‌ವರ್ಮ್, 13 ಟ್ರಿಕ್ಸಿ.

ಶುರು ಮಾಡೋ ಮೊದಲು ಏನೇನು ಎತ್ತಿಟ್ಟುಕೊಳ್ಳಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದಲು ಸಮಯ ಇದೆ ಅಂದರೆ ಇದನ್ನು ಓದಿ.

ಮೊದಲನೆಯದು ಫೀಡರ್ ಐಡಿ. ಪೈಅವೇರ್‌ನಲ್ಲಿ ಇದು ನಡುನಡುವೆ ಅಡ್ಡಗೆರೆ ಇರುವ ಉದ್ದದ ಅಕ್ಷರ-ಅಂಕಿಗಳ ಸಾಲು. ಸರ್ವರ್ ನಿಮ್ಮ ಸ್ಟೇಷನ್ನನ್ನು ಗುರುತಿಸುವುದು ಇದರಿಂದಲೇ. ಇಷ್ಟು ವರ್ಷ ಕೂಡಿಟ್ಟ ಅಂಕಿ-ಅಂಶ, ಬಿಡದೆ ಕಳಿಸಿದ ದಿನಗಳ ಲೆಕ್ಕ, ಎಲ್ಲ ಇದಕ್ಕೇ ಅಂಟಿಕೊಂಡಿರುತ್ತದೆ. ಫ್ಲೈಟ್‌ರಾಡಾರ್24ನಲ್ಲಿ ಇದೇ ಕೆಲಸ ಮಾಡುವುದು ಶೇರಿಂಗ್ ಕೀ. ಅದು ‘ಎಫ್‌ಆರ್24ಫೀಡ್’ ಹೆಸರಿನ ಇನಿ ಫೈಲಿನಲ್ಲಿದೆ. ಬೇರೆ ಜಾಲಗಳಿಗೆ ಕಳಿಸುತ್ತಿದ್ದರೆ ಅವುಗಳ ಗುರುತು ಸಂಖ್ಯೆಯನ್ನೂ ನಕಲು ಮಾಡಿ. ಕೈಯಲ್ಲಿ ಬರೆದುಕೊಳ್ಳಬೇಡಿ, ಒಂದು ಅಕ್ಷರ ತಪ್ಪಿದರೂ ಕೆಲಸ ಕೆಟ್ಟಂತೆ. ಕಾಪಿ ಮಾಡಿ ನಿಮಗೆ ನೀವೇ ಇಮೇಲ್ ಕಳಿಸಿಕೊಳ್ಳಿ.

ಎರಡನೆಯದು ಆಂಟೆನಾದ ಅಕ್ಷಾಂಶ, ರೇಖಾಂಶ, ಎತ್ತರ. ದಶಮಾಂಶ ಬಿಂದುವಿನ ನಂತರ 5 ಅಂಕಿ ಇರಲಿ, ಅಂದರೆ ಸುಮಾರು ಒಂದು ಮೀಟರ್ ನಿಖರತೆ. ಎತ್ತರವನ್ನು ಮೀಟರ್‌ನಲ್ಲಿ ಬರೆದಿದ್ದೀರೋ ಅಡಿಯಲ್ಲೋ, ಸಮುದ್ರಮಟ್ಟದಿಂದಲೋ ನೆಲದಿಂದಲೋ ಅನ್ನುವುದನ್ನೂ ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ.

ಮೂರನೆಯದು ಗೇನ್, ಅಂದರೆ ಡಾಂಗಲ್ ಸಿಗ್ನಲ್ಲನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಸೆಟ್ಟಿಂಗ್. ಡಿಕೋಡರ್‌ನ ಸೆಟ್ಟಿಂಗ್ ಫೈಲ್ ‘ಇಟಿಸಿ’ ಒಳಗಿನ ‘ಡೀಫಾಲ್ಟ್’ ಫೋಲ್ಡರಿನಲ್ಲಿ ಡಿಕೋಡರ್‌ನ ಹೆಸರಲ್ಲೇ ಇರುತ್ತದೆ. ಇಡೀ ಫೈಲನ್ನೇ ಕಾಪಿ ಮಾಡಿ. ಪೈಅವೇರ್‌ನ ಎಸ್‌ಡಿ ಕಾರ್ಡ್ ಇಮೇಜ್ ಬಳಸುವವರಿಗೆ ಹೆಚ್ಚಿನ ಸೆಟ್ಟಿಂಗ್‌ಗಳು ಬೂಟ್ ಪಾರ್ಟಿಶನ್‌ನ ‘ಪೈಅವೇರ್-ಕಾನ್ಫಿಗ್’ ಟೆಕ್ಸ್ಟ್ ಫೈಲಿನಲ್ಲಿರುತ್ತವೆ. ಕಾರ್ಡನ್ನು ಯಾವ ಕಂಪ್ಯೂಟರಿಗೆ ಹಾಕಿದರೂ ಅದನ್ನು ತೆರೆಯಬಹುದು.

ಇನ್ನೊಂದು ಇದೆ, ಬಹಳ ಜನ ಮಾಡುವುದಿಲ್ಲ. ಈಗಿನ ಅಂಕಿಗಳನ್ನು ಗುರುತು ಮಾಡಿಟ್ಟುಕೊಳ್ಳಿ. ಸೆಕೆಂಡಿಗೆ ಎಷ್ಟು ಸಂದೇಶ, ಒಂದೇ ಹೊತ್ತಿಗೆ ಎಷ್ಟು ವಿಮಾನ, ಅತಿ ದೂರದ್ದು ಎಷ್ಟು ಕಿಲೋಮೀಟರ್. ವಾರದ ಯಾವ ದಿನ, ಎಷ್ಟು ಗಂಟೆ ಅನ್ನುವುದೂ ಜೊತೆಗಿರಲಿ. ನಕ್ಷೆಯ ಒಂದು ಸ್ಕ್ರೀನ್‌ಶಾಟ್ ತೆಗೆದರೂ ಸಾಕು. ಈ ಅಂಕಿಗಳ ಗ್ರಾಫ್ ಬಿಡಿಸುವ ಗ್ರಾಫ್ಸ್1090 ಹಾಕಿಕೊಂಡಿದ್ದರೆ ಇನ್ನೂ ಒಳ್ಳೆಯದು. ಅಪ್‌ಗ್ರೇಡ್ ಆದ ಮೇಲೆ “ಮೊದಲಿಗಿಂತ ಕಡಿಮೆ ಅನ್ನಿಸ್ತಿದೆ” ಅನ್ನುವವರ ಹತ್ತಿರ ಈ ಅಂಕಿ ಇರುವುದಿಲ್ಲ, ಹಾಗಾಗಿ ನಿಜವಾಗಿ ಕಡಿಮೆ ಆಗಿದೆಯಾ ಅಂತ ಹೇಳಲು ಯಾರಿಗೂ ಆಗುವುದಿಲ್ಲ.

ವೆಬ್‌ಸೈಟ್‌ನಿಂದಲೇ ಬಟನ್ ಒತ್ತಿ ಅಪ್‌ಗ್ರೇಡ್ ಮಾಡಬಹುದಾ?

ಪೈಅವೇರ್ ಆದರೆ ಆಗುತ್ತದೆ. ಫ್ಲೈಟ್‌ಅವೇರ್‌ನ ನಿಮ್ಮ ಅಂಕಿ-ಅಂಶದ ಪುಟದಲ್ಲಿ ಗೇರ್ ಚಿಹ್ನೆ ಒತ್ತಿದರೆ ಸಾಧನಕ್ಕೆ ಕಮಾಂಡ್ ಕಳಿಸುವ ಜಾಗ ಇದೆ. ಆದರೆ ಸಾಧನದಲ್ಲಿ ‘ಅಲೋ-ಮ್ಯಾನುಯಲ್-ಅಪ್‌ಡೇಟ್ಸ್’ ಸೆಟ್ಟಿಂಗ್ ‘ಯೆಸ್’ ಅಂತ ಇರಬೇಕು, ಇಲ್ಲದಿದ್ದರೆ ಬಟನ್ ಒತ್ತಿ ಸುಮ್ನೆ ಕಾಯುತ್ತಾ ಕೂರಬೇಕಾಗುತ್ತದೆ.

ಟರ್ಮಿನಲ್‌ನಿಂದ ಮಾಡುವಾಗ ಮಧ್ಯೆ ಏನೋ ಪ್ರಶ್ನೆ ಕೇಳ್ತು. ಏನು ಒತ್ತಬೇಕು?

ಮೊದಲು ‘ಸುಡೊ ಆಪ್ಟ್ ಅಪ್‌ಡೇಟ್’, ಆಮೇಲೆ ‘ಸುಡೊ ಆಪ್ಟ್ ಅಪ್‌ಗ್ರೇಡ್’. ಮೊದಲನೆಯದು ಪಟ್ಟಿ ಮಾತ್ರ ತರಿಸುತ್ತದೆ, ಎರಡನೆಯದು ನಿಜವಾಗಿ ಹಾಕುತ್ತದೆ.

ಆ ಪ್ರಶ್ನೆ ಬರುವುದು ನೀವು ಕೈಯಿಂದ ತಿದ್ದಿದ ಸೆಟ್ಟಿಂಗ್ ಫೈಲಿನ ಹೊಸ ಪ್ರತಿ ಪ್ಯಾಕೇಜ್ ಜೊತೆ ಬಂದಾಗ. ಪರದೆ ಮೇಲೆ ಫೈಲಿನ ಹೆಸರು ಕಾಣುತ್ತದೆ. ಹೊಸದನ್ನು ಹಾಕಲು ವೈ, ಇದ್ದದ್ದನ್ನೇ ಉಳಿಸಲು ಎನ್, ಎರಡರ ವ್ಯತ್ಯಾಸ ನೋಡಲು ಡಿ ಒತ್ತಿ ಅನ್ನುತ್ತದೆ. ಏನೂ ಟೈಪ್ ಮಾಡದೆ ಎಂಟರ್ ಒತ್ತಿದರೆ ಎನ್ ಅಂತಲೇ ಲೆಕ್ಕ. ನನ್ನ ಸಲಹೆ: ಮೊದಲು ಡಿ ಒತ್ತಿ ವ್ಯತ್ಯಾಸ ನೋಡಿ, ಆಮೇಲೆ ಎನ್. ವೈ ಒತ್ತಿದರೆ ಗೇನ್, ಅಕ್ಷಾಂಶ-ರೇಖಾಂಶ ಎಲ್ಲ ಬಳಕೆಯಿಂದ ಹೋಗಿ ಡೀಫಾಲ್ಟ್ ಬರುತ್ತದೆ. ಹಳೆಯ ಫೈಲು ‘ಡಿಪಿಕೆಜಿ-ಓಲ್ಡ್’ ಅನ್ನುವ ಬಾಲ ಅಂಟಿಸಿಕೊಂಡು ಪಕ್ಕದಲ್ಲೇ ಉಳಿದಿರುತ್ತದೆ, ಹಾಗಾಗಿ ಈಗಾಗಲೇ ವೈ ಒತ್ತಿಬಿಟ್ಟಿದ್ದರೂ ಗಾಬರಿ ಬೇಡ.

‘ಸ್ಟೇಬಲ್’ ಇದ್ದದ್ದು ‘ಓಲ್ಡ್‌ಸ್ಟೇಬಲ್’ ಆಗಿದೆ ಅಂತ ದೂರಿ ಅಪ್‌ಡೇಟ್ ನಿಂತರೆ, ಅದೇ ಕಮಾಂಡಿಗೆ ‘ಅಲೋ-ರಿಲೀಸ್‌ಇನ್ಫೋ-ಚೇಂಜ್’ ಸೇರಿಸಿ ಒಂದು ಸಲ ಓಡಿಸಿ. ಹೊಸ ಡೆಬಿಯನ್ ಬಂದು ನಿಮ್ಮದು ಹಿಂದಿನದಾಗಿದೆ ಅಂತ ಅಷ್ಟೇ ಅದರ ಅರ್ಥ.

ಓಎಸ್ ತುಂಬಾ ಹಳೆಯದು. ಇದ್ದಲ್ಲೇ ಮೇಲಕ್ಕೇರಿಸಲಾ, ಹೊಸ ಕಾರ್ಡ್ ಬರೆಯಲಾ?

ಹೊಸ ಕಾರ್ಡ್. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ರಾಸ್ಪ್‌ಬೆರಿ ಪೈ ಕಡೆಯವರು ಹೇಳುವುದೂ ಅದನ್ನೇ: ಒಂದು ದೊಡ್ಡ ಆವೃತ್ತಿಯಿಂದ ಇನ್ನೊಂದಕ್ಕೆ ಹೋಗುವಾಗ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಬುಲ್ಸ್‌ಐನಿಂದ ಬುಕ್‌ವರ್ಮ್‌ಗೆ ಹೋಗುವಾಗ ಬೂಟ್ ಫೋಲ್ಡರಿನ ಜಾಗವೇ ಬದಲಾಗಿದೆ, ನೆಟ್‌ವರ್ಕ್ ನೋಡಿಕೊಳ್ಳುವ ಪ್ರೋಗ್ರಾಂ ಕೂಡ ಬದಲಾಗಿದೆ. ಇದ್ದಲ್ಲೇ ಏರಿಸಲು ಹೋದರೆ ಅರ್ಧಕ್ಕೆ ನೆಟ್‌ವರ್ಕ್ ಕಳೆದುಹೋಗಬಹುದು, ಮಾನಿಟರ್ ಇಲ್ಲದೆ ಅಟ್ಟದಲ್ಲಿ ಕೂತಿರುವ ಪೈಗೆ ಆಗ ಮಾಡುವುದೇನು?

ಹೊಸ ಕಾರ್ಡಿನ ದೊಡ್ಡ ಲಾಭ ಏನಂದರೆ ಹಳೆಯದು ಹಾಗೇ ಇರುತ್ತದೆ. ಪೈ ಆಫ್ ಮಾಡಿ, ಹಳೆಯ ಕಾರ್ಡ್ ತೆಗೆದು ಅದರ ಮೇಲೆ ತಾರೀಖು ಬರೆದು ಪಕ್ಕಕ್ಕಿಡಿ. ಬೇರೆ ಕಾರ್ಡಿಗೆ ಹೊಸ ಓಎಸ್ ಬರೆಯಿರಿ. ಕೆಲಸ ಮಾಡದಿದ್ದರೆ ಐದು ನಿಮಿಷದಲ್ಲಿ ಹಳೆಯ ಕಾರ್ಡಿಗೆ ವಾಪಸ್. ವರ್ಷಗಟ್ಟಲೆ ಓಡಿದ ಎಸ್‌ಡಿ ಕಾರ್ಡುಗಳು ಸವೆಯುತ್ತವೆ, ಹೇಗೂ ಅದನ್ನು ಬದಲಿಸುವ ಹೊತ್ತು ಬಂದಿರುತ್ತದೆ.

32 ಬಿಟ್ಟೋ 64 ಬಿಟ್ಟೋ ಅನ್ನುವುದು ಬೋರ್ಡ್ ಮೇಲೆ ನಿಂತಿದೆ. ಮೊದಲ ತಲೆಮಾರಿನ ಪೈ ಮತ್ತು ಪೈ ಝೀರೊಗೆ 32 ಬಿಟ್ ಮಾತ್ರ. ಪೈ 3, ಪೈ 4, ಝೀರೊ 2 ಡಬ್ಲ್ಯೂಗೆ ಎರಡೂ ನಡೆಯುತ್ತವೆ. ಪೈ 5 ಇದ್ದರೆ ಬುಕ್‌ವರ್ಮ್ ಅಥವಾ ಅದಕ್ಕಿಂತ ಹೊಸದೇ ಬೇಕು, ಹಳೆಯ ಕಾರ್ಡನ್ನು ತೆಗೆದು ಅದಕ್ಕೆ ಹಾಕಿದರೆ ಬೂಟ್ ಆಗುವುದಿಲ್ಲ.

ಹೊಸ ಕಾರ್ಡ್ ಹಾಕಿದೆ, ವೈಫೈಗೇ ಸೇರ್ತಿಲ್ಲ. ‘ಪೈ’ ಹೆಸರಲ್ಲಿ ಲಾಗಿನ್ನೂ ಆಗ್ತಿಲ್ಲ.

ಎರಡೂ ಬದಲಾದ ಪದ್ಧತಿಗಳು. ಮೊದಲು ವೈಫೈ ಹೆಸರು-ಪಾಸ್‌ವರ್ಡ್ ಇರುವ ‘ಡಬ್ಲ್ಯೂಪಿಎ-ಸಪ್ಲಿಕೆಂಟ್’ ಫೈಲನ್ನು ಬೂಟ್ ಪಾರ್ಟಿಶನ್‌ಗೆ ಹಾಕಿದರೆ ಸಾಕಿತ್ತು. ಬುಕ್‌ವರ್ಮ್‌ನಿಂದ ನೆಟ್‌ವರ್ಕ್‌ಮ್ಯಾನೇಜರ್ ಬಂದಿದೆ, ಆ ಉಪಾಯ ನಡೆಯುವುದಿಲ್ಲ. 2022ರ ಏಪ್ರಿಲ್‌ನಿಂದ ಸಿದ್ಧವಾಗಿ ಬರುತ್ತಿದ್ದ ‘ಪೈ’ ಬಳಕೆದಾರನೂ ಇಲ್ಲ. ರಾಸ್ಪ್‌ಬೆರಿ ಪೈ ಇಮೇಜರ್‌ನಲ್ಲಿ ಕಾರ್ಡ್ ಬರೆಯುವ ಮೊದಲು ಸೆಟ್ಟಿಂಗ್‌ಗಳ ಪರದೆ ಬರುತ್ತದೆ ಅಲ್ವಾ, ಅಲ್ಲೇ ಬಳಕೆದಾರನ ಹೆಸರು, ಪಾಸ್‌ವರ್ಡ್, ವೈಫೈ, ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿನಿಂದ ಲಾಗಿನ್ ಆಗುವ ದಾರಿ) ಎಲ್ಲ ತುಂಬಿಬಿಡಿ. ಆಗದಿದ್ದರೆ ಮೊದಲ ಸಲಕ್ಕೆ ಲ್ಯಾನ್ ಕೇಬಲ್ ಚುಚ್ಚಿ.

ಅಪ್‌ಗ್ರೇಡ್ ಆದ ಮೇಲೆ ನನ್ನ ಸ್ಟೇಷನ್ ಹೊಸದು ಅಂತ ತೋರಿಸ್ತಿದೆ. ಹಳೆಯ ಅಂಕಿ ಹೋಯ್ತಾ?

ಹೋಗಿಲ್ಲ. ಹೊಸ ಕಾರ್ಡ್‌ಗೆ ಹಳೆಯ ಫೀಡರ್ ಐಡಿ ಗೊತ್ತಿಲ್ಲ, ಅದಕ್ಕೇ ಸರ್ವರ್ ಹೊಸದೊಂದು ಕೊಟ್ಟಿದೆ. ‘ಪೈಅವೇರ್-ಕಾನ್ಫಿಗ್ ಫೀಡರ್-ಐಡಿ’ ಅಂತ ಬರೆದು ಮುಂದೆ ಹಳೆಯ ಐಡಿ ಅಂಟಿಸಿ, ಪೈಅವೇರ್ ರೀಸ್ಟಾರ್ಟ್ ಮಾಡಿ. ಬರೆದಿಟ್ಟುಕೊಂಡಿಲ್ಲವಾದರೆ ಫ್ಲೈಟ್‌ಅವೇರ್‌ನಲ್ಲಿ ಲಾಗಿನ್ ಆಗಿ ಹಳೆಯ ಸ್ಟೇಷನ್ನಿನ ಪುಟ ತೆರೆದರೆ ಅಲ್ಲೂ ಸಿಗುತ್ತದೆ. ಫ್ಲೈಟ್‌ರಾಡಾರ್24ನಲ್ಲಿ ಹೊಸದಾಗಿ ನೋಂದಣಿ ಮಾಡಲು ಹೋಗಬೇಡಿ, ಸೆಟಪ್ ಕೇಳಿದಾಗ ಹಳೆಯ ಶೇರಿಂಗ್ ಕೀ ಕೊಡಿ.

ಒಂದೇ ಐಡಿಯನ್ನು ಎರಡು ಸಾಧನಗಳಲ್ಲಿ ಒಟ್ಟಿಗೆ ಓಡಿಸಬಾರದು. ಹಳೆಯ ಪೈ ಆಫ್ ಆಗಿದೆ ಅಂತ ಖಾತ್ರಿ ಮಾಡಿಕೊಂಡೇ ಹೊಸದಕ್ಕೆ ಐಡಿ ಕೊಡಿ.

ನಕ್ಷೆ ತೆರೆಯುತ್ತದೆ, ಒಂದೂ ವಿಮಾನ ಇಲ್ಲ!

ನಕ್ಷೆ ಬಂದಿದೆ ಅಂದರೆ ನೆಟ್‌ವರ್ಕ್ ಸರಿಯಿದೆ. ತೊಂದರೆ ಡಾಂಗಲ್ ಮತ್ತು ಡಿಕೋಡರ್ ನಡುವೆ ಇದೆ. ಊಹೆ ಮಾಡುತ್ತಾ ಎಲ್ಲವನ್ನೂ ಮತ್ತೆ ಇನ್‌ಸ್ಟಾಲ್ ಮಾಡಬೇಡಿ, ಡಿಕೋಡರ್‌ನ ಲಾಗ್ ಓದಿ. ‘ಜರ್ನಲ್‌ಸಿಟಿಎಲ್’ ಕಮಾಂಡಿಗೆ ಡಿಕೋಡರ್ ಹೆಸರು ಕೊಟ್ಟರೆ ಕೊನೆಯ ಕೆಲವು ಸಾಲುಗಳಲ್ಲೇ ಕಾರಣ ಇರುತ್ತದೆ.

‘ಯುಎಸ್‌ಬಿ ಕ್ಲೇಮ್ ಇಂಟರ್‌ಫೇಸ್ ಎರರ್ -6’ ಅಂತ ಇದ್ದರೆ ಡಾಂಗಲ್ ಚೆನ್ನಾಗಿದೆ, ಆದರೆ ಬೇರೆ ಯಾರೋ ಅದನ್ನು ಹಿಡಿದುಕೊಂಡಿದ್ದಾರೆ. ಆ ಬೇರೆಯವರು ಸಾಮಾನ್ಯವಾಗಿ ಇಬ್ಬರಲ್ಲಿ ಒಬ್ಬರು. ಈ ಡಾಂಗಲ್ ಮೂಲತಃ ಟಿವಿ ನೋಡಲು ಮಾಡಿದ್ದು, ಹಾಗಾಗಿ ಲಿನಕ್ಸ್ ಕರ್ನಲ್ ತನ್ನ ಟಿವಿ ಡ್ರೈವರನ್ನು ಅದಕ್ಕೆ ತಾನಾಗಿ ಲೋಡ್ ಮಾಡುತ್ತದೆ. ಹೊಸ ಕಾರ್ಡಿನಲ್ಲಿ ಆ ಡ್ರೈವರನ್ನು ಬ್ಲ್ಯಾಕ್‌ಲಿಸ್ಟ್ ಮಾಡಿ, ಅಂದರೆ ಲೋಡ್ ಆಗದಂತೆ ತಡೆದು, ರೀಬೂಟ್ ಮಾಡಬೇಕು. ಇನ್ನೊಂದು ಸಾಧ್ಯತೆ, ಎರಡನೇ ಡಿಕೋಡರ್. ಎಫ್‌ಆರ್24ಫೀಡ್ ಸೆಟಪ್ ಮಾಡುವಾಗ ಡಾಂಗಲ್ಲನ್ನು ನೇರವಾಗಿ ಓದು ಅಂತ ಆಯ್ಕೆ ಮಾಡಿದರೆ ಅದು ತನ್ನದೇ ಡಿಕೋಡರ್ ಓಡಿಸುತ್ತದೆ. ಆಗ ಇಬ್ಬರೂ ಒಂದೇ ಡಾಂಗಲ್ಲಿಗೆ ಜಗಳ.

ಡಾಂಗಲ್ಲೇ ಸಿಗಲಿಲ್ಲ ಅಂತ ಲಾಗ್ ಹೇಳಿದರೆ ‘ಎಲ್‌ಎಸ್‌ಯುಎಸ್‌ಬಿ’ ಕೊಡಿ. ರಿಯಲ್‌ಟೆಕ್ ಹೆಸರಿನ ಸಾಲು ಕಾಣದಿದ್ದರೆ ಸಾಫ್ಟ್‌ವೇರ್ ಬಿಟ್ಟುಬಿಡಿ: ಬೇರೆ ಪೋರ್ಟಿಗೆ ಚುಚ್ಚಿ, ಪವರ್ ಅಡಾಪ್ಟರ್ ನೋಡಿ. ‘ವಿಸಿಜೆನ್‌ಸಿಎಂಡಿ ಗೆಟ್-ಥ್ರಾಟಲ್ಡ್’ ಕೊಟ್ಟಾಗ 0 ಬರಬೇಕು. ಬೇರೆ ಅಂಕಿ ಬಂದರೆ ವೋಲ್ಟೇಜ್ ಕುಸಿದಿದೆ ಅಥವಾ ಪೈ ಬಿಸಿಯಾಗಿದೆ. ಫೋನ್ ಚಾರ್ಜರಿನಲ್ಲಿ ಪೈ ಓಡಿಸುವವರಿಗೆ ಇದು ಪದೇ ಪದೇ ಆಗುತ್ತದೆ.

ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್ ವಿ4 ಡಾಂಗಲ್ ಇದ್ದರೆ ಇನ್ನೊಂದು ಮಾತು. ಅದರ ಟ್ಯೂನರ್ ಚಿಪ್ ಬೇರೆ, ಹಳೆಯ ಡ್ರೈವರ್ ಲೈಬ್ರರಿಗೆ ಅದರ ಪರಿಚಯ ಇಲ್ಲ. ಹೊಸ ಲೈಬ್ರರಿ ಹಾಕಿ.

ವಿಮಾನ ಬರ್ತಿವೆ, ಆದರೆ ಸಂದೇಶಗಳ ಸಂಖ್ಯೆ ಕಡಿಮೆ ಆಗಿದೆ.

ಮೊದಲು ವಾರದ ಅದೇ ದಿನದ ಅದೇ ಗಂಟೆಗೆ ಹೋಲಿಸಿ ನೋಡಿ. ಭಾನುವಾರ ಬೆಳಗ್ಗೆಯನ್ನು ಶುಕ್ರವಾರ ಸಂಜೆಗೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ.

ಆಮೇಲೆ ಗೇನ್ ನೋಡಿ. ಜಾಸ್ತಿ ಗೇನ್ ಇದ್ದರೆ ಜಾಸ್ತಿ ವಿಮಾನ ಅನ್ನುವುದು ತಪ್ಪು ತಿಳಿವಳಿಕೆ. ಹತ್ತಿರದ ವಿಮಾನದ ಬಲವಾದ ಸಿಗ್ನಲ್ ರಿಸೀವರನ್ನು ತುಂಬಿಬಿಟ್ಟರೆ ಸಂದೇಶ ಕೆಡುತ್ತದೆ, ತಲೆ ಮೇಲೆ ಹೋಗುತ್ತಿರುವುದೇ ನಕ್ಷೆಯಲ್ಲಿ ಮಾಯ ಆಗುತ್ತದೆ. ವಿಮಾನ ನಿಲ್ದಾಣದ ಹತ್ತಿರ ಇರುವವರು, ಆಂಪ್ಲಿಫೈಯರ್ ಹಾಕಿರುವವರು ಇದನ್ನು ಖಂಡಿತ ಗಮನಿಸಬೇಕು. ಡಂಪ್1090-ಎಫ್‌ಎ 5ನೇ ಆವೃತ್ತಿಯಿಂದ ಗೇನನ್ನು ತಾನೇ ಹೊಂದಿಸಿಕೊಳ್ಳುವ ಸೌಲಭ್ಯ ಬಂದಿದೆ. ಅದನ್ನು ಆನ್ ಮಾಡಿ ಒಂದೆರಡು ದಿನ ಬಿಟ್ಟು ನೋಡಿ.

ಸಂದೇಶಗಳ ಸಂಖ್ಯೆಯನ್ನೇ ಹಿಡಿದುಕೊಂಡು ಕೂರುವುದೂ ಬೇಡ. ಕೆಟ್ಟ ಸಂದೇಶಗಳನ್ನು ಎಷ್ಟು ಕಟ್ಟುನಿಟ್ಟಾಗಿ ತಿರಸ್ಕರಿಸಬೇಕು ಅನ್ನುವುದು ಡಿಕೋಡರಿನಿಂದ ಡಿಕೋಡರಿಗೆ ಬೇರೆ. ಕಸವನ್ನೂ ಎಣಿಸುವ ಡಿಕೋಡರ್ ದೊಡ್ಡ ಸಂಖ್ಯೆ ತೋರಿಸುತ್ತದೆ, ಅಷ್ಟೇ. ಸ್ಥಾನ ತಿಳಿದ ವಿಮಾನ ಎಷ್ಟು, ಎಷ್ಟು ದೂರದವರೆಗೆ ಅನ್ನುವುದು ಹೆಚ್ಚು ನಂಬುವ ಅಳತೆ. ಅದಕ್ಕೂ ಒಂದು ಮಿತಿ ಇದೆ: 11 ಕಿಲೋಮೀಟರ್ ಎತ್ತರದಲ್ಲಿ ಹಾರುವ ವಿಮಾನದ ರೇಡಿಯೋ ದಿಗಂತ ಸುಮಾರು 430 ಕಿಲೋಮೀಟರ್. ನಿಮ್ಮ ಆಂಟೆನಾ ಈಗಾಗಲೇ ಅಷ್ಟು ದೂರ ನೋಡುತ್ತಿದ್ದರೆ ಯಾವ ಅಪ್‌ಗ್ರೇಡ್‌ನಿಂದಲೂ ಅದು ಹೇಳಿಕೊಳ್ಳುವಷ್ಟು ಬೆಳೆಯುವುದಿಲ್ಲ.

ಎಂಲ್ಯಾಟ್ ಮಾತ್ರ ಕೆಲಸ ಮಾಡ್ತಿಲ್ಲ.

ತನ್ನ ಸ್ಥಾನ ಹೇಳದ ವಿಮಾನವನ್ನು ಹಲವು ರಿಸೀವರ್‌ಗಳು ಸೇರಿ ಪತ್ತೆ ಮಾಡುವುದು ಎಂಲ್ಯಾಟ್. ಒಂದೇ ಸಿಗ್ನಲ್ ಯಾರಿಗೆ ಎಷ್ಟು ಬೇಗ ತಲುಪಿತು ಅನ್ನುವುದೇ ಲೆಕ್ಕ. ರೇಡಿಯೋ ಅಲೆ ಒಂದು ಮೈಕ್ರೋಸೆಕೆಂಡಿಗೆ 300 ಮೀಟರ್ ಓಡುತ್ತದೆ, ಹಾಗಾಗಿ ಸಣ್ಣ ತಪ್ಪೂ ಇಲ್ಲಿ ದೊಡ್ಡದು.

ಅಪ್‌ಗ್ರೇಡ್ ನಂತರ ಇದು ಕೆಡಲು ಮೊದಲ ಕಾರಣ ಜಾಗದ ಅಳತೆ ತಪ್ಪಾಗಿರುವುದು. ಎರಡನೆಯದು, ಗಡಿಯಾರ ಅಸ್ಥಿರ ಅನ್ನುವ ದೂರು. ಇಲ್ಲಿ ಬಹಳ ಜನ ಪೈನ ಸಮಯ ಸರಿ ಮಾಡಲು ಹೊರಡುತ್ತಾರೆ. ಎಂಲ್ಯಾಟ್ ನಂಬುವುದು ಡಾಂಗಲ್‌ನಿಂದ ಬರುವ ಸ್ಯಾಂಪಲ್‌ಗಳ ಎಣಿಕೆಯನ್ನು. ಯುಎಸ್‌ಬಿಯಲ್ಲಿ ಕೆಲವು ಸ್ಯಾಂಪಲ್ ಬಿದ್ದುಹೋದರೆ ಎಣಿಕೆ ತಪ್ಪುತ್ತದೆ. ಪವರ್ ಸಾಲದಿರುವುದು, ಹಳೆಯ ಪೈ ಮೇಲೆ ಕೆಲಸದ ಹೊರೆ ಜಾಸ್ತಿ ಆಗಿರುವುದು, ಇವನ್ನು ನೋಡಿ. ಪೈನ ಸಮಯವೂ ಸರಿ ಇರಬೇಕು ನಿಜ, ತೀರಾ ತಪ್ಪಿದ್ದರೆ ಸರ್ವರ್ ಜೊತೆ ಸುರಕ್ಷಿತ ಸಂಪರ್ಕವೇ ಆಗುವುದಿಲ್ಲ, ಆದರೆ ಅದು ಬೇರೆ ತೊಂದರೆ.

ಸುತ್ತಮುತ್ತ ಬೇರೆ ರಿಸೀವರ್‌ಗಳೇ ಇಲ್ಲದಿದ್ದರೆ ಎಂಲ್ಯಾಟ್ ಆಗುವುದಿಲ್ಲ, ಅದಕ್ಕೆ ಅಪ್‌ಗ್ರೇಡ್ ಕಾರಣ ಅಲ್ಲ.

ಮೂರು ಕಡೆ ಫೀಡ್ ಮಾಡ್ತೀನಿ. ಎಲ್ಲ ಹೇಗೆ ಒಟ್ಟಿಗೆ ನಡೆಸೋದು?

ಡಾಂಗಲ್ಲನ್ನು ಒಂದೇ ಡಿಕೋಡರ್ ಮುಟ್ಟಲಿ. ಉಳಿದವರೆಲ್ಲ ಅದರ ಪೋರ್ಟ್ 30005ರಿಂದ, ಬೀಸ್ಟ್ ಅನ್ನುವ ಡೇಟಾ ರೂಪದಲ್ಲಿ ಓದಿಕೊಳ್ಳಲಿ. ಫೀಡರ್ ಹತ್ತಾದರೂ ನಡೆಯುತ್ತದೆ. ಒಂದು ಜಾಲದಿಂದ ವಾಪಸ್ ಬಂದ ಎಂಲ್ಯಾಟ್ ಫಲಿತಾಂಶವನ್ನು ನಿಮ್ಮ ರಿಸೀವರ್ ಹಿಡಿದದ್ದು ಅನ್ನುವ ಹಾಗೆ ಇನ್ನೊಂದು ಜಾಲಕ್ಕೆ ಕಳಿಸಲೇಬೇಡಿ. ಎಲ್ಲರ ಲೆಕ್ಕವೂ ಕೆಡುತ್ತದೆ.

978 ಮೆಗಾಹರ್ಟ್ಸ್ ಆಯ್ಕೆ ಕಾಣ್ತಿದೆ, ಆನ್ ಮಾಡಲಾ?

ಅದು ಅಮೆರಿಕದಲ್ಲಿ ಮಾತ್ರ ಬಳಕೆಯಲ್ಲಿರುವ ವ್ಯವಸ್ಥೆ. ಅಲ್ಲಿಲ್ಲದಿದ್ದರೆ ಬೇಡ.

ಡಂಪ್1090-ಎಫ್‌ಎ ಬಿಟ್ಟು ರೀಡ್‌ಎಸ್‌ಬಿಗೆ ಹೋಗಲಾ?

ಫ್ಲೈಟ್‌ಅವೇರ್‌ಗೆ ಮಾತ್ರ ಕಳಿಸುತ್ತಿದ್ದರೆ ಇದ್ದದ್ದೇ ಸಾಕು. ಹಲವು ಕಡೆ ಕಳಿಸುವವರಿಗೆ, ಟಾರ್1090 ನಕ್ಷೆ ಬಳಸುವವರಿಗೆ ರೀಡ್‌ಎಸ್‌ಬಿ ಅನುಕೂಲ. ನನಗೆ ಟಾರ್1090 ನಕ್ಷೆ ಜಾಸ್ತಿ ಇಷ್ಟ, ವಿಮಾನ ಹೋದ ಜಾಡನ್ನು ಹಿಂದಕ್ಕೆ ಎಳೆದು ನೋಡಬಹುದು. ಎರಡರ ಮೂಲವೂ ಸಾಲ್ವಟೋರೆ ಸಾನ್‌ಫಿಲಿಪ್ಪೊ ಬರೆದ ಅದೇ ಹಳೆಯ ಡಂಪ್1090. ಓಎಸ್ ಬದಲಿಸುವ ದಿನವೇ ಇದನ್ನೂ ಬದಲಿಸಬೇಡಿ.

ತಾನಾಗಿ ಅಪ್‌ಡೇಟ್ ಆಗೋ ಹಾಗೆ ಬಿಡಲಾ?

ಸಾಧನ ಕೈಗೆ ಸಿಗುವ ಜಾಗದಲ್ಲಿದ್ದರೆ ಬಿಡಬಹುದು. ಬೇರೆ ಊರಿನಲ್ಲೋ ಕಂಬದ ಮೇಲೋ ಇದ್ದರೆ ಬೇಡ. ನೀವು ಅಲ್ಲಿಗೆ ಹೋಗಬಲ್ಲ ದಿನ ನೋಡಿಕೊಂಡು ಕೈಯಿಂದಲೇ ಮಾಡಿ.

ಅಪ್‌ಗ್ರೇಡ್ ಮಧ್ಯೆ ಕರೆಂಟ್ ಹೋಯ್ತು!

ಪೈ ಮತ್ತೆ ಬೂಟ್ ಆದರೆ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಓಡಿಸಿ. ಅರ್ಧಕ್ಕೆ ನಿಂತ ಪ್ಯಾಕೇಜ್‌ಗಳನ್ನು ಅದು ಪೂರ್ತಿ ಮಾಡುತ್ತದೆ. ಆಮೇಲೆ ಅಪ್‌ಗ್ರೇಡ್ ಕಮಾಂಡ್ ಇನ್ನೊಂದು ಸಲ. ಬೂಟ್ ಆಗದಿದ್ದರೆ ಕಾರ್ಡನ್ನು ಬೇರೆ ಕಂಪ್ಯೂಟರಿಗೆ ಹಾಕಿ ಬೂಟ್ ಪಾರ್ಟಿಶನ್ ತೆರೆಯುತ್ತದಾ ನೋಡಿ, ತೆರೆದರೆ ಸೆಟ್ಟಿಂಗ್ ಫೈಲುಗಳನ್ನು ಮೊದಲು ಹೊರಗೆ ತೆಗೆಯಿರಿ. ಲಿನಕ್ಸ್ ಕಂಪ್ಯೂಟರ್ ಇದ್ದರೆ ಎರಡನೇ ಪಾರ್ಟಿಶನ್‌ನೂ ತೆರೆಯಬಹುದು. ಪೈಅವೇರ್‌ನ ಫೀಡರ್ ಐಡಿ ಅಲ್ಲಿ ‘ವಾರ್’ ಒಳಗೆ ‘ಕ್ಯಾಶ್’, ಅದರೊಳಗೆ ‘ಪೈಅವೇರ್’ ಫೋಲ್ಡರಿನಲ್ಲಿ ಸಿಗುತ್ತದೆ. ಅದು ಸಿಕ್ಕಿದ ಮೇಲೆ ಹೊಸ ಕಾರ್ಡ್ ಬರೆದರಾಯಿತು.